ರಸ್ತೆಯ ಇಳಿಜಾರಿಗೆ ಒಂದು ಕಾಲು

ಫೋನು ಬಂದಾಗ ಮೇಸ್ತ್ರಿ ಒಂದು ಮೊಣಕಾಲಿನ ಅಚ್ಚನ್ನು ಉಜ್ಜಿ ನಯ ಮಾಡುತ್ತಿದ್ದ. ಕೈಯೆಲ್ಲ ಬಿಳಿ ಪುಡಿ. ಕಿರುಬೆರಳಿನಿಂದ ಗುಂಡಿ ಒತ್ತಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

"ಇದು ಕಾಲು ಮಾಡೋ ಜಾಗಾನಾ?" ಹೆಂಗಸಿನ ದನಿ. ಹಿಂದೆ ಬಯಲು ಗಾಳಿಯ ಸದ್ದು.

"ಹೌದಮ್ಮ, ಹೇಳಿ."

"ನಾವು ಇಟ್ಟಿಗೆ ಗೂಡಿನವರು. ನಮ್ಮಲ್ಲಿಗೆ ಒಬ್ಬರು ಸನ್ಯಾಸಿ ಬಂದಿದ್ರು. ಬಲಗಾಲು ಕಟ್ಟಿದ ಕಾಲು. ಜ್ವರ ಬಂತು, ಹೋಗ್ಬಿಟ್ರು. ಆ ಕಾಲಿನ ಒಳಗಡೆ ಈ ನಂಬರ್ ಇತ್ತು. ಇನ್ಯಾರಿಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಮೇಸ್ತ್ರಿ ಪಕ್ಕದ ಸ್ಟೂಲಿನ ಮೇಲೆ ಕೂತ. "ಗಾಯ ಆಗಿತ್ತಾ?" ಎಂದು ಕೇಳಿದ.

"ಆಗಿತ್ತು. ನಾವು ನೋಡೋ ಹೊತ್ತಿಗೆ ಕಪ್ಪಾಗ್ಬಿಟ್ಟಿತ್ತು. ಆಸ್ಪತ್ರೆಗೆ ಹೋಗೋಣ ಬನ್ನಿ ಅಂದ್ರೆ, 'ತಡಿಯಮ್ಮ, ನಿಮ್ಮ ಮಾವನ ಕಥೆ ಪೂರ್ತಿ ಕೇಳ್ಬಿಡ್ತೀನಿ' ಅನ್ನೋರು. ನಮ್ಮ ಮಾವನ ಕಥೆ ಮುಗಿಯೋ ಕಥೆ ಅಲ್ಲ." ಆಕೆ ನಗಲು ಹೋಗಿ ನಿಲ್ಲಿಸಿದಳು. "ಮಣ್ಣು ಮಾಡಿದ್ವಿ. ಕಾಲೊಂದು ಉಳ್ಕೊಂಡಿದೆ. ಬೇರೆ ಯಾರಿಗಾದ್ರೂ ಆಗುತ್ತಾ ಇದು?"

"ಇಲ್ಲಮ್ಮ. ಅದು ಇನ್ಯಾರಿಗೂ ಆಗಲ್ಲ. ನಿಮ್ಮಲ್ಲೇ ಇರ್ಲಿ."

"ನೀವು ಅವರಿಗೆ ಏನಾಗ್ಬೇಕು?"

ಮೇಸ್ತ್ರಿ ತನ್ನ ಕೈಯ ಬಿಳಿ ಪುಡಿ ನೋಡಿಕೊಂಡ. "ಕಾಲು ಮಾಡಿದವನು" ಎಂದ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಕೈ ನಿಂತಿತು. "ಆ ಮೊದಲಿನ ಕಾಲೇ ಇದ್ದಿದ್ರೆ..." ಎಂದು ಶುರು ಮಾಡಿ, ಅವನ ಮುಖ ನೋಡಿ ಸುಮ್ಮನಾದಳು. ಅವಳು ಆ ಮಾತನ್ನು ಮುಗಿಸಲಿಲ್ಲ, ಇವನೂ ಮುಗಿಸಲಿಲ್ಲ. ಆ ಮನೆಯಲ್ಲಿ ಅದು ಇವತ್ತಿಗೂ ಅರ್ಧಕ್ಕೇ ನಿಂತಿದೆ. ಯಾಕೆ ನಿಂತಿದೆ ಎಂದು ತಿಳಿಯಬೇಕಾದರೆ ಆ ಸನ್ಯಾಸಿ ಎಂಥ ಮನುಷ್ಯ ಎಂಬುದನ್ನು ಮೊದಲಿನಿಂದ ಹೇಳಬೇಕು.

ಆತ ಸನ್ಯಾಸಿಯಾದದ್ದು ದೇವರನ್ನು ಹುಡುಕಿಕೊಂಡು ಹೋಗಿ ಅಲ್ಲ. ಹಾಗಂತ ಆತನೇ ಎಲ್ಲರೆದುರು ಹೇಳಿಕೊಳ್ಳುತ್ತಿದ್ದ. ಮನೆ ತುಂಬ ಅಣ್ಣತಮ್ಮಂದಿರು, ಇವನು ಸರಿಯಾಗಿ ನಡುವಿನವನು. ದೊಡ್ಡವರಿಗೆ ಕೆಲಸ ಹೇಳುತ್ತಿದ್ದರು, ಚಿಕ್ಕವರನ್ನು ಮುದ್ದು ಮಾಡುತ್ತಿದ್ದರು, ನಡುವಿನವನೊಬ್ಬ ಇದ್ದಾನೆಂಬುದು ಊಟಕ್ಕೆ ತಟ್ಟೆ ಇಡುವಾಗಲೂ ಮರೆತುಹೋಗುತ್ತಿತ್ತು. ಮಠದವರು ಬಂದು ಒಬ್ಬ ಹುಡುಗ ಬೇಕೆಂದಾಗ ಅಪ್ಪ ಸುತ್ತ ಕಣ್ಣಾಡಿಸಿ, "ಇವನನ್ನ ಕರ್ಕೊಂಡು ಹೋಗಿ" ಅಂದನಂತೆ. ಮಠದಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ. ಧ್ಯಾನಕ್ಕೆ ಕೂತರೆ ಗೊರಕೆ, ಪಾಠಕ್ಕೆ ಕೂತರೆ ಕಣ್ಣು ಕಿಟಕಿಯಾಚೆ.

ಒಮ್ಮೆ ಹಿರಿಯ ಗುರುಗಳು ಗುಡ್ಡದಾಚೆಯ ಮಠಕ್ಕೆ ಒಂದು ಮಾತು ಹೇಳಿ ಬಾ ಎಂದು ಕಳಿಸಿದರು. ಹೋದ ಮಾರನೆಯ ದಿನ ತಿರುಗಿ ಬರಬಹುದಾದ ದಾರಿ. ಆತ ಬಂದದ್ದು ತಿಂಗಳು ಕಳೆದ ಮೇಲೆ. ದಾರಿಯಲ್ಲಿ ಒಬ್ಬ ಮುದುಕ ಸಿಕ್ಕಿದ್ದ. ಅವನ ಹೋತ ಹಠ ಹಿಡಿದು ರಸ್ತೆ ಮಧ್ಯೆ ಮಲಗಿತ್ತು. ಇಬ್ಬರೂ ಸೇರಿ ಅದನ್ನು ತಳ್ಳಿ, ಪುಸಲಾಯಿಸಿ, ಕೊನೆಗೆ ಹೊತ್ತುಕೊಂಡೇ ಮನೆ ಮುಟ್ಟಿಸಿದರು. ಅಲ್ಲಿ ಮುದುಕನ ಸೊಸೆ ತವರಿಗೆ ಹೊರಟು ನಿಂತಿದ್ದಳು, ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು. ಗಂಟು ಇಸಿದುಕೊಂಡು ಆತ ಅವಳ ಜೊತೆಗೆ ಹೋದ. ಅವಳ ತವರಿನಲ್ಲಿ ಬಾವಿ ತೋಡುವವರು ಇಳಿದುಕೊಂಡಿದ್ದರು. ಅವರಿಗೆ ಮುಂದಿನ ಊರಲ್ಲಿ ಕೆಲಸವಿತ್ತು. ಹೀಗೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋದ. ಹೇಳಬೇಕಾಗಿದ್ದ ಮಾತು ಮಾತ್ರ ಎಲ್ಲೋ ಹೋತದ ಹತ್ತಿರವೇ ಮರೆತುಹೋಗಿತ್ತು. ಗುರುಗಳು ಮೊದಲು ಚೆನ್ನಾಗಿ ಬೈದರು, ಆಮೇಲೆ ಕೂತು ಕೇಳಿದರು, ಊಟದ ಗಂಟೆ ಹೊಡೆದರೂ ಏಳಲಿಲ್ಲ. ಕೊನೆಗೆ ಹೇಳಿದರು: "ಕಣ್ಣು ಮುಚ್ಚಿದ್ರೆ ನೀನು ನಿದ್ದೆ ಹೋಗ್ತೀಯ. ಕಣ್ಣು ಬಿಟ್ಕೊಂಡು ನಡಿ. ನಿನ್ನ ಪಾಲಿಗೆ ಅದೇ ಇರ್ಲಿ."

ಅಂದಿನಿಂದ ನಡೆದದ್ದೇ ನಡೆದದ್ದು. ಆತನ ನೆನಪಿನಲ್ಲಿ ಊರುಗಳಿರಲಿಲ್ಲ, ಜನ ಇದ್ದರು. ಯಾರಾದರೂ ಒಂದು ದೊಡ್ಡ ಪಟ್ಟಣದ ಸುದ್ದಿ ತೆಗೆದರೆ, "ಅಲ್ಲೇ ಅಲ್ವಾ ಆ ಕೊಡೆ ರಿಪೇರಿಯವನು ಸಿಕ್ಕಿದ್ದು? ಮಳೆ ಅಂದ್ರೆ ಆಗ್ತಿರ್ಲಿಲ್ಲ ಪಾಪ, ನೆಗಡಿ ಹಿಡೀತಿತ್ತು" ಎನ್ನುತ್ತಿದ್ದ. ಕಾಟ ಕೊಡುವ ಬೆಕ್ಕನ್ನು ಹೊಳೆಯಾಚೆ ಬಿಟ್ಟು ಬರಲು ಹೊರಟಿದ್ದ ಒಬ್ಬ ಹೆಂಗಸಿನ ಜೊತೆ ನಡೆದಿದ್ದನಂತೆ. ಆಕೆ ದಾರಿಯುದ್ದಕ್ಕೂ ಬೆಕ್ಕಿನ ತಪ್ಪುಗಳನ್ನು ಹೇಳುತ್ತ ಹೇಳುತ್ತ, ಹೊಳೆ ಬರುವ ಹೊತ್ತಿಗೆ ತಾನೇ ಕರಗಿ, ಚೀಲವನ್ನು ಎದೆಗವಚಿಕೊಂಡು ಮನೆಯ ಕಡೆ ತಿರುಗಿದಳಂತೆ. ಇಂಥವು ಸಾವಿರ ಇದ್ದವು. ಆತ ಉಪದೇಶ ಮಾಡಿದ್ದನ್ನು ಯಾರೂ ಕೇಳಿಲ್ಲ. "ಎಲ್ಲಿಂದ ಬಂದ್ರಿ? ಎಲ್ಲಿಗೆ ಹೊರಟ್ರಿ?" ಈ ಎರಡು ಪ್ರಶ್ನೆಯಲ್ಲಿ ಆತನ ಶಾಸ್ತ್ರವೆಲ್ಲ ಮುಗಿದುಹೋಗಿತ್ತು.

ನಿಯಮ ಅಂತ ಇದ್ದದ್ದು ಒಂದೇ. ಎದುರಿನಿಂದ ವಾಹನ ಬರುವ ಅಂಚಿನಲ್ಲೇ ನಡೆಯುತ್ತಿದ್ದ, ಬಲಗಡೆ ಚರಂಡಿ, ಎಡಗಡೆ ರಸ್ತೆ. ಅಪಘಾತದ ಭಯಕ್ಕೆ ಎಂದು ಜನ ತಿಳಿಯುತ್ತಿದ್ದರು. "ಬೆನ್ನ ಹಿಂದೆ ಬರೋರು ಬರೀ ಸದ್ದು ಕಣಯ್ಯ," ಎಂದು ಆತ ಮೇಸ್ತ್ರಿಗೆ ಹೇಳಿದ್ದ. "ಎದುರಿಗೆ ಬಂದ್ರೆ ತಾನೇ ಮುಖ ಕಾಣೋದು?"

ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆ ಬಂದು ಪಾದಗಳ ಸ್ಪರ್ಶವನ್ನು ತಿಂದುಹಾಕಿತು. ಬಲಗಾಲಿಗೆ ಗಾಜಿನ ಚೂರು ಹೊಕ್ಕದ್ದು ಗೊತ್ತೇ ಆಗದೆ ದಿನಗಟ್ಟಲೆ ನಡೆದ. ಜೊತೆಗೆ ನಡೆಯುತ್ತಿದ್ದ ಒಬ್ಬ ಬಳೆ ಮಾರುವವಳು ಮೂಗು ಮುಚ್ಚಿಕೊಂಡು, "ಸ್ವಾಮಿ, ನಿಮ್ಮ ಕಾಲು ಕೊಳೀತಿದೆ" ಎಂದು ಕೂಗಿ, ಸಿಕ್ಕ ಲಾರಿಗೆ ಹತ್ತಿಸಿ ಕಳಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಲೇಬೇಕಾಯಿತು.

ಆ ಆಸ್ಪತ್ರೆಯ ಅಂಗಳದ ಆಚೆಗೇ ಕೃತಕ ಕಾಲು ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ: ಒಂದು ತುದಿಯಲ್ಲಿ ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಗೋಡೆಗೆ ನೇತುಹಾಕಿದ ರಬ್ಬರ್ ಪಾದಗಳು, ಇನ್ನೊಂದು ತುದಿಯಲ್ಲಿ ಹಿಡಿದುಕೊಂಡು ನಡೆಯಲು ಎರಡು ಜೋಡಿ ಕಂಬಿ, ಅವುಗಳೆದುರು ಆಳೆತ್ತರದ ಕನ್ನಡಿ. ಮೇಸ್ತ್ರಿ ಅಲ್ಲಿಯ ಹಳಬ. ಮೋಟುಗಾಲಿನ ಅಚ್ಚು ತೆಗೆದು, ಅದು ಕೂರುವ ಬಟ್ಟಲು ಮಾಡಿ, ಕೆಳಗೆ ಕೊಳವೆ, ಪಾದ ಜೋಡಿಸಿ, ಸ್ಕ್ರೂಗಳನ್ನು ಅತ್ತಿತ್ತ ತಿರುಗಿಸಿ ಹದಕ್ಕೆ ತರುವುದು ಅವನ ಕೆಲಸ. ಎಷ್ಟೋ ಜನರನ್ನು ನಡೆಸಿದ ಈ ಮನುಷ್ಯ ತಾನು ಮಾತ್ರ ನಡೆಯುತ್ತಿರಲಿಲ್ಲ. ಬೀದಿ ಮೂಲೆಯ ಅಂಗಡಿಗೂ ಸ್ಕೂಟರು. "ನಮ್ಮನೆಯವರಿಗೆ ಕಾಲಿರೋದು ಸ್ಕೂಟರ್ ಒದೆಯೋಕೆ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಅವಳು ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ತಂದಾಗ ಸನ್ಯಾಸಿ ಗಾಲಿಕುರ್ಚಿಯಲ್ಲಿ ಕೂತು ಬೆಕ್ಕಿನ ಕಥೆ ಹೇಳುತ್ತಿದ್ದ. ಬುತ್ತಿ ಆರಿತು. ಆಸ್ಪತ್ರೆಯವರು ಹಾಸಿಗೆ ಖಾಲಿ ಮಾಡಿ ಎನ್ನುತ್ತಿದ್ದಾರೆ, ಮಠ ದೂರ, ನೋಡಿಕೊಳ್ಳುವವರಿಲ್ಲ ಎಂದು ತಿಳಿದಾಗ, "ಹಿಂದಿನ ಕೋಣೆ ಖಾಲಿ ಬಿದ್ದಿದೆಯಲ್ರೀ" ಎಂದಳು. ಅವಳಿಗೆ ಒಡಹುಟ್ಟಿದವರಿರಲಿಲ್ಲ, ತವರು ಎಂಬುದು ಅಪ್ಪ ಅಮ್ಮನ ಜೊತೆಗೇ ಮುಗಿದಿತ್ತು. ವಾರದೊಳಗೆ 'ಸ್ವಾಮಿ' ಹೋಗಿ 'ಅಣ್ಣ' ಆಯಿತು. ಆತ ಮೊದಲ ಸಲ 'ತಂಗಿ' ಎಂದ ದಿನ ಅವಳು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆಗಳನ್ನು ಜೋಡಿಸಿಟ್ಟಳು.

ಕಾಲು ತಯಾರಾಯಿತು. ಮೇಸ್ತ್ರಿಗೆ ತನ್ನದೇ ಒಂದು ಪರೀಕ್ಷೆಯಿತ್ತು. ಹದವಾಗಿ ಜೋಡಿಸಿದ ಕಾಲು ಯಾರೂ ಹಿಡಿಯದೆ ನೆಲದ ಮೇಲೆ ತಾನೇ ನಿಲ್ಲಬೇಕು. ಈ ಕಾಲು ಕಂಬದಂತೆ ನಿಂತಿತು. ಸನ್ಯಾಸಿ ಅದನ್ನು ಕಟ್ಟಿಕೊಂಡು ಕಂಬಿಗಳ ನಡುವೆ ನಡೆದಾಗ ಡಾಕ್ಟರಮ್ಮನೇ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಇಷ್ಟು ಚೆನ್ನಾಗಿ ಹಿಂದೆಂದೂ ಮಾಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಸನ್ಯಾಸಿ ಹೆದ್ದಾರಿಯವರೆಗೆ ಹೋಗಿ ಬರುತ್ತೇನೆಂದು ಹೊರಟ. ಮಧ್ಯಾಹ್ನ ಸೋಡಾ ಗಾಡಿಯವನು ಗಾಡಿಯ ಮೇಲೆ ಕೂರಿಸಿಕೊಂಡು ತಂದುಬಿಟ್ಟ. ಚರಂಡಿಗೆ ಬಿದ್ದಿದ್ದ. ಮೋಟುಗಾಲು ಉಜ್ಜಿ ಕೆಂಪಾಗಿತ್ತು. ಮೇಸ್ತ್ರಿ ಬಟ್ಟಲು ಸರಿಯಿಲ್ಲವೆಂದು ಹೊಸದು ಮಾಡಿದ. ಸನ್ಯಾಸಿ ಕೋಣೆಯಲ್ಲಿ ನೆಟ್ಟಗೆ ನಡೆದ, ರಸ್ತೆಯಲ್ಲಿ ಮತ್ತೆ ಬಿದ್ದ.

"ನೀವು ಕಾಲನ್ನ ನಂಬ್ತಿಲ್ಲ, ಅದಕ್ಕೇ," ಎಂದ ಮೇಸ್ತ್ರಿ ಸಿಟ್ಟಿನಿಂದ.

"ನಾನು ನಂಬಿದೀನಿ ಕಣಯ್ಯ. ಅದು ನನ್ನ ನಂಬ್ತಿಲ್ಲ."

ಕೊನೆಗೆ ಒಂದು ದಿನ ಮೇಸ್ತ್ರಿ ಸ್ಕೂಟರು ಬಿಟ್ಟು ತಾನೇ ಜೊತೆಗೆ ನಡೆದ. ಹೆದ್ದಾರಿಯ ಅಂಚಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸನ್ಯಾಸಿಯ ಹೆಜ್ಜೆ ಬಲಕ್ಕೆ ಎಳೆಯತೊಡಗಿತು. ಒಂದು ಕಲ್ಲಿನ ಮೇಲೆ ಕೂತು ಕಾಲು ಬಿಚ್ಚಿದ. ಮೇಸ್ತ್ರಿ ಅದನ್ನು ಇಸಿದುಕೊಂಡು, ಕೈಯ ಅಭ್ಯಾಸಕ್ಕೆ, ಟಾರಿನ ಮೇಲೆ ನಿಲ್ಲಿಸಿದ. ಚರಂಡಿಯ ಕಡೆಗೆ ಉರುಳಿತು. ಎತ್ತಿ ನಿಲ್ಲಿಸಿದ. ಮತ್ತೆ ಚರಂಡಿಯ ಕಡೆಗೇ ಉರುಳಿತು. ಮೇಸ್ತ್ರಿ ಅದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿಗೆ ಇಳಿಸಿರುತ್ತಾರೆ. ನಮ್ಮ ಪಾದ ಅದಕ್ಕೆ ತಾನಾಗಿ ವಾಲಿಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಮಾಡಿದ ಕಾಲು ವಾಲುವುದಿಲ್ಲ. ಆಯುಷ್ಯವೆಲ್ಲ ಒಂದು ನುಣುಪು ನೆಲದ ಕೋಣೆಯಲ್ಲಿ ಕಾಲು ಮಾಡಿದವನಿಗೆ, ಲೋಕವೂ ಆ ಕೋಣೆಯಷ್ಟೇ ಸಮ ಇದೆ ಎಂಬ ನಂಬಿಕೆ ಎಲ್ಲೋ ಒಳಗೆ ಕೂತುಬಿಟ್ಟಿತ್ತು.

ಇದಕ್ಕೆ ಪರಿಹಾರ ಏನೆಂಬುದೂ ಅಲ್ಲೇ, ಆ ಕ್ಷಣವೇ ಹೊಳೆಯಿತು. ಯಾವ ಊರಿಗೆ ಹೋದರೂ, ಹೋಗುವಾಗಲೂ ಬರುವಾಗಲೂ, ಈ ಮನುಷ್ಯ ನಡೆಯುವುದು ಇಳಿಜಾರು ಬಲಕ್ಕಿರುವ ಅಂಚಿನಲ್ಲೇ. ಕಾಲನ್ನು ಒಂದಿಷ್ಟು ಉದ್ದ ಮಾಡಿ, ಪಾದವನ್ನು ಕೊಂಚ ಹೊರಗೆ ವಾಲಿಸಿದರೆ ಸಾಕು. ಅರ್ಧ ದಿನದ ಕೆಲಸವೂ ಅಲ್ಲ.

"ಏನಾಯ್ತೋ?" ಎಂದ ಸನ್ಯಾಸಿ.

"ಏನಿಲ್ಲ. ನಡೀರಿ, ಮನೆಗೆ ಹೋಗೋಣ."

ಮೇಸ್ತ್ರಿ ಮೊದಲು ಡಾಕ್ಟರಮ್ಮನ ಹತ್ತಿರ ಹೋದ. ಆಕೆ ಮುಚ್ಚುಮರೆ ಮಾಡಲಿಲ್ಲ. "ಮನೇಲಿ ಓಡಾಡ್ಕೊಂಡು, ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಅಂತ ಇದ್ರೆ ತುಂಬ ವರ್ಷ ಇರ್ತಾರೆ. ರಸ್ತೆಗೆ ಇಳಿದ್ರೆ ಆ ಮೋಟಿನಲ್ಲಿ ಗಾಯ ಆಗೇ ಆಗುತ್ತೆ, ಆಗಿದ್ದು ಅವರಿಗೆ ಗೊತ್ತಾಗಲ್ಲ. ಒಂದು ವರ್ಷವೋ, ಎರಡೋ. ನೀವು ರಸ್ತೆಗೆ ಸರಿಹೋಗೋ ಕಾಲು ಮಾಡ್ಬಹುದು ಮೇಸ್ತ್ರಿ. ರಸ್ತೆಗೆ ಸರಿಹೋಗೋ ಮೈ ನಾನು ಮಾಡ್ಲಾರೆ."

ಆದ್ದರಿಂದ ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಮನೆಗೆ ಒಪ್ಪುವ ಕಾಲು ಆತನ ಬಳಿ ಇತ್ತು, ಅದು ಅಲ್ಲೇ ಇರಲಿ. ರಸ್ತೆ ಇನ್ನು ಆಗದ ಮಾತು ಎಂದು ಎಲ್ಲರೂ ತಿಳಿದುಕೊಂಡರು. ಸನ್ಯಾಸಿಯೂ ಮತ್ತೆ ಕೇಳಲಿಲ್ಲ.

ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಿಕೊಂಡ. ಮೊದಲ ಕೆಲವು ವಾರ ಹಬ್ಬದಂತಿತ್ತು. ಹಾಲಿನವನು, ಅಂಚೆಯವಳು, ಎದುರು ಮನೆಯ ಗುಮಾಸ್ತ, ಶಾಲೆಗೆ ಹೊರಟ ಟೀಚರು, ಎಲ್ಲರನ್ನೂ ನಿಲ್ಲಿಸಿ ಮಾತಾಡಿಸಿದ. ಎಲ್ಲರ ಕಥೆಯೂ ಗೊತ್ತಾಯಿತು. ಆಮೇಲೆ ನೋಡಿದರೆ, ಮತ್ತೆ ಅದೇ ಹಾಲಿನವನು.

"ಈ ಬೀದೀಲಿ ಎಲ್ಲರೂ ನೆಂಟರಾಗ್ಬಿಟ್ರು ತಂಗಿ," ಎಂದ ಒಂದು ದಿನ. "ಆ ಗುಮಾಸ್ತನಿಗೆ ಬೆಳಿಗ್ಗೆ ಹೊಟ್ಟೆ ಕಟ್ಟುತ್ತೆ ಅನ್ನೋದೂ ಗೊತ್ತಾಯ್ತು. ಇನ್ನು ಕೇಳೋಕೆ ಏನು ಉಳೀತು ಹೇಳು?"

"ಮದ್ದು ಹೇಳಿ ಅಣ್ಣ, ಅವರ ಹೆಂಡ್ತಿ ನಿಮ್ಮನ್ನ ನೆನೆಸ್ಕೋತಾರೆ."

ಆತ ನಕ್ಕ. ಆದರೆ ಕುರ್ಚಿ ಬರಬರುತ್ತ ಒಳಗೆ ಸರಿಯಿತು. ಹಗಲು ಮಲಗುವ ಅಭ್ಯಾಸವಾಯಿತು. ಮೈ ಕೈ ತುಂಬಿಕೊಂಡವು. "ಅಣ್ಣನ ಕೆನ್ನೆ ನೋಡಿ ಹೇಗೆ ತುಂಬಿದೆ" ಎಂದು ಹೆಂಡತಿ ಹೆಮ್ಮೆಯಿಂದ ಹೇಳುವಾಗ ಮೇಸ್ತ್ರಿ ತಲೆಯಾಡಿಸುತ್ತಿದ್ದ. ಬಾಗಿಲು ಬಡಿದರೆ ಮೊದಲು ಸರಕ್ಕನೆ ತಿರುಗುತ್ತಿದ್ದ ತಲೆ ಈಗ ತಿರುಗುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಮನೆಯಲ್ಲಿ ಯಾರಿಗೂ ತೊಂದರೆಯಾಗದಂತೆ, ನಡುವಿನ ಮಗನ ಹಾಗೆ, ಆತ ಇದ್ದೂ ಇಲ್ಲದವನಾಗುತ್ತಿದ್ದ.

ಕಾಲಿನ ಪಟ್ಟಿ ಬದಲಿಸಬೇಕೆಂದು ಒಂದು ದಿನ ಮೇಸ್ತ್ರಿ ಆತನನ್ನು ಕಾರ್ಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಬಸ್ಸಿನಡಿ ಸಿಕ್ಕಿ ಕಾಲು ಕಳೆದುಕೊಂಡವಳು. ಹೊಸ ಕಾಲು ಬಂದು ಎಷ್ಟೋ ದಿನವಾಗಿದ್ದರೂ ಕಂಬಿ ಹಿಡಿದು ನಿಂತು ಅಳುವುದು ಬಿಟ್ಟರೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಮೇಸ್ತ್ರಿ ಒಲೆಯ ಕಡೆ ಹೋಗಿದ್ದ. ತಿರುಗಿ ನೋಡಿದಾಗ ಸನ್ಯಾಸಿ ಪಕ್ಕದ ಜೋಡಿ ಕಂಬಿಗಳ ನಡುವೆ, ಅವಳಿಗೆ ಎದುರಾಗಿ, ಆ ತುದಿಯಿಂದ ನಡೆದು ಬರುತ್ತಿದ್ದ. ಅವಳ ಹತ್ತಿರ ಬಂದು ನಿಂತ.

"ಎಲ್ಲಿಂದ ಬಂದ್ರಮ್ಮ? ಎಲ್ಲಿಗೆ ಹೊರಟ್ರಿ?"

ಅವಳು ಕಣ್ಣೊರೆಸಿಕೊಂಡು ಮಿಕಮಿಕ ನೋಡಿದಳು. "ಎಲ್ಲಿಗೂ ಇಲ್ಲ ಸ್ವಾಮಿ."

"ದಾರಿ ಮಧ್ಯೆ ನಿಂತು ಎಲ್ಲಿಗೂ ಇಲ್ಲ ಅಂದ್ರೆ ಹೇಗೆ? ಹಿಂದೆ ಗಾಡಿ ಬರ್ತಿದೆ, ಸರೀರಿ."

ಅವಳ ತುಟಿ ಅಲುಗಿತು. "ಬೀಗರ ಮನೆಗೆ" ಎಂದಳು. ಒಂದು ಹೆಜ್ಜೆ ಇಟ್ಟಳು. ಆತ ಮುಂದೆ ಸಾಗಿ, ತುದಿ ಮುಟ್ಟಿ, ತಿರುಗಿ ಬಂದ. ಅಷ್ಟರಲ್ಲಿ ಅವಳು ಇನ್ನೆರಡು ಹೆಜ್ಜೆ ಇಟ್ಟಿದ್ದಳು. ಆತ ಅವಳನ್ನು ಹಿಂದೆಂದೂ ನೋಡಿಯೇ ಇಲ್ಲವೆಂಬಂತೆ ನಿಂತು ಮತ್ತೆ ಕೇಳಿದ. ಈ ಸಲ ಅವಳು ಜಾಣೆಯಾಗಿದ್ದಳು. "ಬೀಗರ ಮನೆಯಿಂದ ವಾಪಸ್ ಬರ್ತಿದೀನಿ. ಒಂದು ಲೋಟ ನೀರೂ ಕೊಡ್ಲಿಲ್ಲ."

"ಹಾಗೋ! ಹುಡುಗಿ ಕೊಟ್ಟೋರೋ, ತಂದ್ಕೊಂಡೋರೋ?"

"ನಾವು ಕೊಟ್ಟೋರು. ಅದಕ್ಕೇ ಸುಮ್ನೆ ಬಂದೆ. ತಂದ್ಕೊಂಡಿದ್ರೆ ಬಿಡ್ತಿದ್ನಾ?"

ಅವರಿಬ್ಬರೂ ಆ ದಿನ ಮಧ್ಯಾಹ್ನವೆಲ್ಲ ಆ ಕಂಬಿಗಳ ನಡುವೆ ಹಾಯ್ದಾಡಿದರು. ಪ್ರತಿ ಸಲ ಎದುರಾದಾಗಲೂ ಅವಳು ಬೇರೊಬ್ಬಳಾಗುತ್ತಿದ್ದಳು. ಒಮ್ಮೆ ಸಾಕ್ಷಿ ಹೇಳಲು ಹೊರಟವಳು, ಒಮ್ಮೆ ಓಡಿಹೋದ ಕೋಳಿ ಹುಡುಕುವವಳು, ಒಮ್ಮೆ ಗಂಡನ ಮೇಲೆ ಮುನಿಸಿಕೊಂಡು ಹೊರಟು ಅರ್ಧ ದಾರಿಯಲ್ಲಿ ಮರುಗಿದವಳು. ಆತ ಪ್ರತಿ ಸಲವೂ ಮೊದಲ ಬಾರಿ ಎಂಬಂತೆ, ಕಣ್ಣರಳಿಸಿ ಕೇಳುತ್ತಿದ್ದ. ಅವಳು ಯಾವಾಗ ಕಂಬಿ ಬಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

ಮೇಸ್ತ್ರಿ ನೋಡುತ್ತಿದ್ದದ್ದು ಅವಳನ್ನಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದ ಆತನ ಮುಖವನ್ನು. ಇಷ್ಟು ದಿನ ತನ್ನ ಮನೆಯಲ್ಲಿ ಉಂಡು ಮಲಗಿದ್ದ ಮುಖ ಅದಾಗಿರಲಿಲ್ಲ.

ಸಂಜೆ ಹೆಂಡತಿಗೆ ಎಲ್ಲ ಹೇಳಿದ. ರಸ್ತೆಗಾಗುವ ಕಾಲು ಮಾಡಬಹುದು ಎಂದು, ಅದು ತನಗೆ ಮೊದಲೇ ಗೊತ್ತಿತ್ತು ಎಂದು. ಅವಳು ಕೇಳಿಸಿಕೊಂಡು, "ಸಾಯೋಕೆ ಕಾಲು ಮಾಡಿ ಕೊಡ್ತೀರಾ?" ಎಂದಳು.

"ಇಲ್ಲಿ ಅವರು ಬದುಕಿದ್ದಾರೆ ಅಂತೀಯಾ?"

"ಉಸಿರಾಡ್ತಿದ್ದಾರಲ್ರೀ. ಕರೆದ್ರೆ 'ಏನು ತಂಗಿ' ಅಂತಾರೆ. ನನಗೆ ಅಷ್ಟು ಸಾಕು."

"ಅವರಿಗೆ?"

ಅವಳು ಎದ್ದು ಹೋದಳು. ಎರಡು ದಿನ ಗಂಡನ ಜೊತೆ ಮಾತಿಲ್ಲ. ಬುತ್ತಿ ಮಾತ್ರ ತಪ್ಪದೆ ಬರುತ್ತಿತ್ತು, ಉಪ್ಪು ಸ್ವಲ್ಪ ಜಾಸ್ತಿ. ಮೂರನೆಯ ದಿನ ಬುತ್ತಿಯ ಜೊತೆ ಮೆತ್ತನೆಯ ಬಟ್ಟೆಯಲ್ಲಿ ಹೊಲಿದ ಒಂದಷ್ಟು ಚೀಲಗಳಿದ್ದವು, ಮೋಟುಗಾಲಿಗೆ ತೊಡಿಸುವಂಥವು. ರಾಶಿ ಹೊಲಿದಿದ್ದಳು. ಮೇಸ್ತ್ರಿ ಅವನ್ನು ಒಂದೊಂದಾಗಿ ಮಡಿಸಿಟ್ಟು, ಆಮೇಲೆ ಸ್ಕ್ರೂಗಳಿಗೆ ಕೈ ಹಚ್ಚಿದ.

ಕಾಲನ್ನು ಕೊಡುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದ.

ಸನ್ಯಾಸಿ ವಾಲಿದ ಪಾದವನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ, "ಅವತ್ತು ರಸ್ತೇಲೇ ಗೊತ್ತಾಗಿತ್ತಾ ನಿನಗೆ?" ಎಂದ.

"ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹೋಗ್ಬಿಡ್ತೀರ ಅಂತ."

ಆತ ಕಾಲನ್ನು ಮಡಿಲಲ್ಲಿಟ್ಟುಕೊಂಡು ಸವರಿದ. "ನನ್ನ ಇಟ್ಕೋಬೇಕು ಅಂತ ಇದುವರೆಗೂ ಯಾರಿಗೂ ಅನ್ಸಿರ್ಲಿಲ್ಲ ಕಣಯ್ಯ. ಅಪ್ಪನಿಗೂ ಇಲ್ಲ, ಮಠದವರಿಗೂ ಇಲ್ಲ." ಪಟ್ಟಿಯನ್ನು ಎಳೆದು ನೋಡಿ, "ನೀವಿಬ್ಬರೂ ಚೆನ್ನಾಗಿ ಇಟ್ಕೊಂಡ್ರಿ" ಎಂದ.

ಹೊಸ ಕಾಲು ಕಟ್ಟಿಕೊಂಡು ಮನೆಯೊಳಗೆ ನಿಂತಾಗ ಆತ ಗೋಡೆಯ ಮೇಲಿನ ಸೊಟ್ಟ ಚಿತ್ರದ ಹಾಗೆ ಎಡಕ್ಕೆ ವಾಲಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಅಳುವಿನ ಮಧ್ಯೆ ನಗು ಬಂತು.

"ಯಾರ ಮನೆಗೆ ಹೋದ್ರೂ ಹೀಗೇ ನಿಲ್ತೀರ ಅಣ್ಣ. ಕುಡಿದಿದ್ದಾರೆ ಅಂತಾರೆ ಜನ."

"ಮನೆಗಳಲ್ಲಿ ಕೂತ್ಕೋತೀನಿ ಬಿಡು. ನಿಲ್ಲೋಕೆ ಯಾರು ಹೋಗ್ತಾರೆ?"

"ದಿನಾ ಸಂಜೆ ಕಾಲು ಬಿಚ್ಚಿ, ಬೆರಳಿಂದ ಸುತ್ತ ಮುಟ್ಟಿ ನೋಡ್ಕೋಬೇಕು. ಒದ್ದೆ ಅನ್ಸಿದ್ರೆ ಆಸ್ಪತ್ರೆಗೆ. ಆಣೆ ಮಾಡಿ."

"ಆಣೆ ಬೇಡ ತಂಗಿ. ಯಾರಾದ್ರೂ ಒಳ್ಳೆ ಕಥೆ ಹೇಳ್ತಿದ್ರೆ ಮರೆತುಹೋಗುತ್ತೆ, ಆಣೆ ಸುಳ್ಳಾಗುತ್ತೆ."

ಹೊರಡುವ ಬೆಳಿಗ್ಗೆ ಅವಳು ಬಾಗಿಲಿಗೆ ಬರಲಿಲ್ಲ. ಒಳಗೆ ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದಳು. ಮೇಸ್ತ್ರಿ ಬೀದಿ ಮುಗಿದು ಹೆದ್ದಾರಿ ಸೇರುವಲ್ಲಿರುವ ಪೆಟ್ರೋಲ್ ಬಂಕಿನವರೆಗೆ ಜೊತೆಗೆ ನಡೆದ. ಅಲ್ಲಿ ಸನ್ಯಾಸಿ ನಿಂತು, "ಇನ್ನು ನೀನು ಹೋಗು. ನೀನಿದ್ರೆ ನಿನ್ನ ಜೊತೆನೇ ಮಾತಾಡ್ತಿರ್ತೀನಿ, ಎದುರಿಗೆ ಬರೋರಿಗೆ ಮೋಸ ಆಗುತ್ತೆ" ಎಂದ. ಮೇಸ್ತ್ರಿಯ ಕೆನ್ನೆ ತಟ್ಟಿ ಹೊರಟ. ಮೇಸ್ತ್ರಿ ನಿಂತು ನೋಡಲಿಲ್ಲ. ನೋಡಿದರೆ ಕೂಗಿ ಕರೆದುಬಿಡುತ್ತೇನೆಂದು ಹೆದರಿ ಬೇಗ ಬೇಗ ಮನೆಗೆ ಬಂದ.

ಅವತ್ತು ಕೆಲಸಕ್ಕೆ ಹೋಗಲಿಲ್ಲ. ಗಂಡ ಹೆಂಡತಿ ಒಂದೊಂದು ಲೋಟ ಚಹಾ ಮುಂದಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು, ಕುಡಿಯಲಿಲ್ಲ. ಆಗ ಬೀದಿಯಲ್ಲಿ ಆ ದನಿ ಕೇಳಿಸಿತು. ಇಬ್ಬರೂ ಒಟ್ಟಿಗೇ ಎದ್ದರು.

ಹೆದ್ದಾರಿಯ ಕಡೆಯಿಂದ ಸನ್ಯಾಸಿ ವಾಪಸ್ಸು ಬರುತ್ತಿದ್ದ. ಜೊತೆಯಲ್ಲಿ ಒಬ್ಬ ಅಪರಿಚಿತ, ಹೆಗಲ ಮೇಲೆ ಹಳೆಯ ಮರದ ಕಿಟಕಿಯ ಚೌಕಟ್ಟು ಹೊತ್ತಿದ್ದ. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಮನುಷ್ಯ ಎದುರಿಗೆ ಸಿಕ್ಕಿರಬೇಕು. ಅವನು ಈ ಕಡೆ ಬರುವವನು. ಸನ್ಯಾಸಿಗೆ ಯಾವ ದಿಕ್ಕಾದರೇನು, ಅವನ ಜೊತೆ ತಿರುಗಿ ನಡೆದಿದ್ದ. ಚೌಕಟ್ಟಿನ ಒಂದು ಮೂಲೆಯನ್ನು ಕೈಯಿಂದ ಎತ್ತಿ ಹಿಡಿದು, ಅವನ ಮುಖವನ್ನೇ ನೋಡುತ್ತ ಬರುತ್ತಿದ್ದ.

"ಅಲ್ರೀ, ಅಷ್ಟು ದೂರದಿಂದ ಕಿಟಕಿ ಹೊತ್ಕೊಂಡು ಬಂದಿದ್ದೀರಿ, ಆ ಗೋಡೆಗೆ ಕಿಟಕಿ ಬೇಡ ಅಂದೋರು ಯಾರು? ನಿಮ್ಮ ಅತ್ತೇನಾ?"

"ಅತ್ತೆ ಅಲ್ಲ ಸ್ವಾಮಿ, ಬಾಮೈದ! ಅವನ ಮಾತು ಕೇಳಿದ್ರೆ ನೀವು ನಗ್ತೀರ..."

ಮನೆಯ ಮುಂದೆಯೇ ಹಾದರು. ಬಾಗಿಲು ತೆರೆದೇ ಇತ್ತು. ಸನ್ಯಾಸಿ ಈ ಕಡೆ ನೋಡಲಿಲ್ಲ. ಯಾರ ಬೀದಿ, ಯಾರ ಮನೆ ಎಂಬುದರ ಅರಿವೇ ಇರಲಿಲ್ಲ ಆತನಿಗೆ. ಕಿವಿಯೆಲ್ಲ ಆ ಬಾಮೈದನ ಕಥೆಯಲ್ಲಿತ್ತು.

"ಕರೀಲಾ?" ಎಂದಳು ಹೆಂಡತಿ. ಅವಳ ಕೈ ಕಿಟಕಿಯ ಸರಳು ಹಿಡಿದಿತ್ತು.

ಮೇಸ್ತ್ರಿ ಆತನ ಹೆಜ್ಜೆಯನ್ನೇ ನೋಡುತ್ತಿದ್ದ. ಅವಳು ಕರೆಯಲಿಲ್ಲ. ಬೀದಿಯ ಇಳಿಜಾರು ಅಂಚಿನಲ್ಲಿ ಆತ ಒಂದಿಷ್ಟೂ ವಾಲದೆ, ಕುಂಟದೆ, ಹರೆಯದವನ ಹಾಗೆ ನಡೆಯುತ್ತಿದ್ದ. ಮನೆಯೊಳಗಿನ ಆ ಸೊಟ್ಟ ನಿಲುವು ಎಲ್ಲಿ ಹೋಯಿತೋ.

"ಎಷ್ಟು ನೆಟ್ಟಗೆ ನಡೀತಾರಲ್ರೀ," ಎಂದಳು.

ಬೀದಿಯಲ್ಲಿ ಅವರಿಬ್ಬರೂ ಮೂಲೆ ತಿರುಗಿದರು. ಚೌಕಟ್ಟಿನ ತುದಿ ಕೊನೆಗೆ ಮರೆಯಾಯಿತು. ಮಾತು ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು, ಆಮೇಲೆ ಒಂದು ದೊಡ್ಡ ನಗು, ಆಮೇಲೆ ಏನೂ ಇಲ್ಲ. ಅವಳು ಕಿವಿಗೊಟ್ಟು ನಿಂತೇ ಇದ್ದಳು.

"ಆ ಬಾಮೈದ ಯಾಕೆ ಬೇಡ ಅಂದನಂತೆ?" ಎಂದು ಕೇಳಿದಳು.

"ನನಗೇನು ಗೊತ್ತು," ಎಂದ ಮೇಸ್ತ್ರಿ. "ಅಣ್ಣನಿಗೆ ಈಗ ಗೊತ್ತಾಗಿರುತ್ತೆ."